ಪೆಟ್ಟಿಗೆ ನಮ್ಮದೇ ಇರಲಿ: ಕಂಪನಿ ಮೋಡೆಮ್ ತೆಗೆದು ಸ್ವಂತ ರೂಟರ್

ಕರೆಂಟಿನ ವಿಚಾರದಲ್ಲಿ ನಮಗೆಲ್ಲ ಒಂದು ಗಡಿ ಗೊತ್ತು. ಕಂಬದಿಂದ ಮೀಟರಿನವರೆಗೆ ಅವರದು, ಮೀಟರಿನಿಂದೀಚೆ ನಮ್ಮದು. ಸ್ಟಾರ್ಟರ್ ಸುಟ್ಟರೆ ನಾವು ಯಾರಿಗೂ ಕಾಯುವುದಿಲ್ಲ. ಪೇಟೆಗೆ ಹೋಗಿ ಕಾಯಿಲ್ ತಂದು ಹಾಕಿ ಸಂಜೆಗೆ ನೀರು ಬಿಡ್ತೇವೆ. ಇಂಟರ್ನೆಟ್ಟಿನಲ್ಲಿ ಮಾತ್ರ ಈ ಗಡಿ ಎಲ್ಲಿದೆ ಅಂತ ಬಹಳ ಜನ ರೈತರಿಗೆ ಗೊತ್ತಿಲ್ಲ. ಗೋಡೆ ಮೇಲೆ ಮಿಣುಕುವ ಪೆಟ್ಟಿಗೆ ಕೆಟ್ಟಿತೆಂದರೆ ಕಂಪನಿಯವರು ಬರುವ ತನಕ ಕೈಕಟ್ಟಿ ಕೂರುವುದೇ ಕ್ರಮ ಅಂದುಕೊಂಡಿದ್ದೇವೆ.

ಹಾಗೇನೂ ಇಲ್ಲ. ಮನೆವರೆಗೆ ಬರುವ ತಂತಿ ಕಂಪನಿಯದು. ಒಳಗಿನ ಪೆಟ್ಟಿಗೆ ನಮ್ಮದಾಗಿರಬಹುದು. ಹಳೇ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡಿಗೆ ಸ್ವಂತ ರೂಟರ್ ಹಾಕಿ ಏಳು ವರ್ಷ ನಡೆಸಿದ್ದೇನೆ. ಆಮೇಲೆ ಫೈಬರ್ ಬಂದಾಗಲೂ ಅದೇ ದಾರಿ ಹಿಡಿದೆ. ಇದರಲ್ಲಿ ಇಂಜಿನಿಯರ್ ಓದು ಏನೂ ಬೇಕಿಲ್ಲ. ಡ್ರಿಪ್ ಜೋಡಿಸಲು ಬಂದವರಿಗೆ ಇದೂ ಬರುತ್ತದೆ.

ಯಾಕೆ ಬೇಕಾಯ್ತು?

ನಮ್ಮದು ಕಾಡುಗೋಡಿಯಿಂದ ಹೊಸಕೋಟೆ ರಸ್ತೆಯಲ್ಲಿ ಕನ್ನಮಂಗಲದ ಕಡೆ ಎರಡು ಎಕರೆ. ಕೊತ್ತಂಬರಿ, ಪಾಲಕ್, ಮೆಂತ್ಯ, ದಂಟು, ಮಳೆಗಾಲದಲ್ಲಿ ಒಂದಿಷ್ಟು ರಾಗಿ, ಮೂರು ಹಸು. ಕಾಡುಗೋಡಿಗೆ 2023ರ ಮಾರ್ಚಿನಲ್ಲಿ ಮೆಟ್ರೊ ಬಂತು. ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರಿನಲ್ಲಿ ಐಟಿಪಿಎಲ್. ದೇಶ ವಿದೇಶಕ್ಕೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಕಳಿಸುವ ಜಾಗ. ಅದರ ಪಕ್ಕದ ತೋಟದ ಮನೆಗೆ ಸರಿಯಾದ ಲೈನಿಲ್ಲ. ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗೆ.

ನಮ್ಮ ಸೊಪ್ಪು ಹೋಗುವುದು ವೈಟ್‌ಫೀಲ್ಡ್ ಸುತ್ತಿನ ಅಪಾರ್ಟ್‌ಮೆಂಟುಗಳಿಗೆ. ಯಾರಿಗೆ ಎಷ್ಟು ಕಟ್ಟು ಅನ್ನುವ ಪಟ್ಟಿ ರಾತ್ರಿ ಒಂಬತ್ತಕ್ಕೆ ಬರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಕಿತ್ತು, ತೊಳೆದು, ಏಳಕ್ಕೆ ಗಾಡಿ ಹೊರಡಬೇಕು. ಪಟ್ಟಿ ಬರದಿದ್ದರೆ ಅಂದಾಜಿನ ಮೇಲೆ ಕೀಳಬೇಕು. ಹೆಚ್ಚು ಕಿತ್ತರೆ ಹಸುವಿಗೆ, ಕಡಿಮೆ ಕಿತ್ತರೆ ಗಿರಾಕಿ ಬೇರೆಯವರ ಹತ್ತಿರ. ಕೊತ್ತಂಬರಿ ನಾಳೆ ನಾಡಿದ್ದಿಗೆ ಕಾಯುವ ಮಾಲಲ್ಲ.

2014ರ ಬೇಸಿಗೆಯಲ್ಲಿ ಕಂಪನಿ ಕೊಟ್ಟಿದ್ದ ಬಾಡಿಗೆ ಮೋಡೆಮ್ ಸಂಜೆ ಹೊತ್ತಿಗೆ ಸರಿಯಾಗಿ ಕೈಕೊಡಲು ಶುರುಮಾಡಿತು. ದೂರು ಕೊಟ್ಟ ಆರನೇ ದಿನಕ್ಕೆ ಹುಡುಗ ಬಂದ. "ಬಾಕ್ಸ್ ವೀಕ್ ಆಗೈತೆ ಅಣ್ಣ. ಹೊಸದು ಸ್ಟಾಕಿಲ್ಲ, ಬಂದ್ರೆ ತಂದ್ಕೊಡ್ತೀನಿ" ಅಂದ. ಕಂಪನಿ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಲೈನ್ ಚೆನ್ನಾಗಿದೆ, ಪೆಟ್ಟಿಗೆ ಮಾತ್ರ ಹೋಗಿದೆ ಎಂದು ಅವನ ಬಾಯಲ್ಲೇ ಬಂತಲ್ಲ, ಅಷ್ಟು ಸಾಕಿತ್ತು. "ನಾನೇ ಒಂದು ತಂದರೆ ನಡೆಯುತ್ತಾ?" ಅಂದೆ. "ಯಾಕ್ ನಡೆಯಲ್ಲ? ಯೂಸರ್ ನೇಮ್, ಪಾಸ್‌ವರ್ಡ್ ಇದ್ರೆ ಆಯ್ತು" ಅಂದ.

ಒಂದು ಪೆಟ್ಟಿಗೆ, ಮೂರು ಕೆಲಸ

ನಮ್ಮ ದೇಶದಲ್ಲಿ ಟೆಲಿಫೋನ್ ತಂತಿಯ ಮೇಲಿನ ಬ್ರಾಡ್‌ಬ್ಯಾಂಡ್ ಹಳ್ಳಿ ಪಟ್ಟಣಗಳಿಗೆ ಹಬ್ಬಿದ್ದು ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಅದನ್ನು ಶುರುಮಾಡಿದ ಮೇಲೆ. ಇದಕ್ಕೆ ಡಿಎಸ್‌ಎಲ್ ಎಂದು ಹೆಸರು. ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಮಾತೂ ಹೋಗುತ್ತದೆ, ಇಂಟರ್ನೆಟ್ಟೂ ಬರುತ್ತದೆ. ಮಾತಿಗೆ ಬೇಕಾದದ್ದು 4 ಕಿಲೋಹರ್ಟ್ಸ್‌ನೊಳಗಿನ ಅಲೆ. ಇಂಟರ್ನೆಟ್ ಅದಕ್ಕಿಂತ ಬಹಳ ಮೇಲೆ, 25 ಕಿಲೋಹರ್ಟ್ಸ್‌ನಿಂದಾಚೆ ಓಡುತ್ತದೆ. ಎರಡನ್ನೂ ಬೇರೆ ಮಾಡುವುದು ಸ್ಪ್ಲಿಟರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ.

ನಾವು ಮೋಡೆಮ್ ಅನ್ನುವ ಪೆಟ್ಟಿಗೆಯಲ್ಲಿ ನಿಜಕ್ಕೂ ಮೂರು ಆಳುಗಳಿದ್ದಾರೆ. ಒಬ್ಬ ಮೋಡೆಮ್: ತಂತಿಯಲ್ಲಿ ಬಂದ ಅಲೆಯನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಮಾಡುತ್ತಾನೆ. ಇನ್ನೊಬ್ಬ ರೂಟರ್: ಕಂಪನಿಗೆ ಹೆಸರು, ಗುಟ್ಟಿನ ಪದ ಹೇಳಿ ಬಾಗಿಲು ತೆಗೆಸಿ, ಬಂದದ್ದನ್ನು ಮನೆಯ ಐದಾರು ಫೋನು, ಕಂಪ್ಯೂಟರಿಗೆ ಹಂಚುತ್ತಾನೆ. ಮೂರನೆಯವನು ವೈಫೈ: ತಂತಿಯಿಲ್ಲದೆ ಗಾಳಿಯಲ್ಲಿ ತಲುಪಿಸುತ್ತಾನೆ. ಕೆಡುವುದು ಸಾಮಾನ್ಯವಾಗಿ ಈ ಮೂವರಲ್ಲಿ ಒಬ್ಬ. ಯಾರು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ದುಡ್ಡು ಬಿಚ್ಚುವ ಮೊದಲು

ಹೊಸ ಪೆಟ್ಟಿಗೆ ತರುವ ಮೊದಲು ನಾಲ್ಕು ಪರೀಕ್ಷೆ ಮಾಡಿ. ನಾಲ್ಕಕ್ಕೂ ಕಾಸು ಬೇಡ.

ಮೊದಲನೆಯದು ಅಡಾಪ್ಟರ್. ಪೆಟ್ಟಿಗೆ ಆಗಾಗ ತಾನೇ ಆರಿ ಹೊತ್ತುತ್ತಿದ್ದರೆ, ಸಂಜೆ ವೋಲ್ಟೇಜ್ ಇಳಿದಾಗ ಮಾತ್ರ ತೊಂದರೆಯಾದರೆ, ಕೆಟ್ಟದ್ದು ಮೋಡೆಮ್ ಅಲ್ಲದೆ ಗೋಡೆಗೆ ಚುಚ್ಚುವ ಅಡಾಪ್ಟರ್ ಇರಬಹುದು. ಅದೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿ ನೋಡಿ. 12 ವೋಲ್ಟಿಗೆ 12, 9ಕ್ಕೆ 9, ಇದರಲ್ಲಿ ರಾಜಿ ಇಲ್ಲ. ಆಂಪಿಯರ್ ಹಳೆಯದರಷ್ಟೇ ಅಥವಾ ಹೆಚ್ಚು ಇರಬೇಕು. ಪ್ಲಸ್ ಮೈನಸ್ ಗುರುತೂ ಹೊಂದಬೇಕು.

ಎರಡನೆಯದು ತಂತಿ. ಫೋನ್ ಎತ್ತಿ ಕಿವಿಗಿಟ್ಟು ಕೇಳಿ. ಕರಕರ ಸದ್ದು ಬಂದರೆ ದೋಷ ಲೈನಿನಲ್ಲಿದೆ. ಕೀಲುಗಳಲ್ಲಿ ನೀರು ಇಳಿದಿರುತ್ತದೆ, ತಾಮ್ರ ಹಸಿರು ಹಿಡಿದಿರುತ್ತದೆ. ಅಂಥ ಲೈನಿಗೆ ಎಷ್ಟು ಒಳ್ಳೆಯ ರೂಟರ್ ತಂದರೂ ಬಂಡೆ ಮೇಲೆ ಬಿತ್ತಿದ ಹಾಗೆ. ನಮ್ಮ ಕಡೆ ರಸ್ತೆ ಅಗೆತ ಮುಗಿಯುವುದೇ ಇಲ್ಲವಾದ್ದರಿಂದ ಇದು ಮಾಮೂಲು.

ಮೂರನೆಯದು ಸ್ಪ್ಲಿಟರ್. ಅದನ್ನೂ ಫೋನನ್ನೂ ಬಿಚ್ಚಿ, ಹೊರಗಿನ ತಂತಿಯನ್ನು ನೇರ ಮೋಡೆಮ್‌ಗೆ ಚುಚ್ಚಿ. ಆಗ ಸರಿಹೋದರೆ ಸ್ಪ್ಲಿಟರ್ ಬದಲಿಸಿದರೆ ಸಾಕು.

ನಾಲ್ಕನೆಯದು ವೈಫೈ. ಲ್ಯಾನ್ ತಂತಿಯಿಂದ ಕಂಪ್ಯೂಟರಿಗೆ ಸರಿಯಾಗಿ ಬಂದು ಫೋನಿಗೆ ಮಾತ್ರ ಬರದಿದ್ದರೆ ಮೂರನೇ ಆಳಿನದೇ ತೊಂದರೆ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ಈಚೆ ತಂದಿಟ್ಟರೂ ಎಷ್ಟೋ ಸರಿಹೋಗುತ್ತದೆ.

ದೀಪಗಳೂ ಮಾತಾಡುತ್ತವೆ. 'ಡಿಎಸ್‌ಎಲ್' ದೀಪ ಮಿಣುಕುತ್ತಲೇ ಇದ್ದರೆ ತಂತಿಯ ದೋಷ, ಇಲ್ಲವೆ ಮೊದಲ ಆಳಿನ ದೋಷ. ಅದು ನಿಂತು ಉರಿದು 'ಇಂಟರ್ನೆಟ್' ದೀಪ ಮಾತ್ರ ಹತ್ತದಿದ್ದರೆ ಎರಡನೇ ಆಳು: ಹೆಸರು ಅಥವಾ ಗುಟ್ಟಿನ ಪದ ತಪ್ಪಿದೆ, ಇಲ್ಲವೆ ಬಿಲ್ ಕಟ್ಟಿಲ್ಲ!

ಇನ್ನೂ ಖಚಿತ ಬೇಕೆಂದರೆ ಮೋಡೆಮ್‌ನ ಒಳಪುಟ ನೋಡಿ. ಕಂಪ್ಯೂಟರಿನಲ್ಲಿ 192.168.1.1 ಎಂದು ಒತ್ತಿದರೆ ಹೆಚ್ಚಿನ ಪೆಟ್ಟಿಗೆಗಳು ತೆರೆಯುತ್ತವೆ. ಅಲ್ಲಿ 'ಎಸ್‌ಎನ್‌ಆರ್ ಮಾರ್ಜಿನ್' ಅಂತ ಒಂದು ಅಂಕಿ ಇರುತ್ತದೆ. 10 ಡೆಸಿಬೆಲ್‌ಗಿಂತ ಮೇಲಿದ್ದರೆ ಲೈನು ಗಟ್ಟಿ, 6ಕ್ಕಿಂತ ಕೆಳಗಿಳಿದರೆ ಕಡಿಯುತ್ತಲೇ ಇರುತ್ತದೆ. 'ಅಟೆನ್ಯುಯೇಶನ್' ಅಂದರೆ ದಾರಿಯಲ್ಲಿ ಸೋರಿದ್ದು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು, 60 ದಾಟಿದರೆ ಕಷ್ಟ. ಎಡಿಎಸ್‌ಎಲ್2+ ಎಂಬ ಪದ್ಧತಿ ಎಕ್ಸ್‌ಚೇಂಜಿನ ಪಕ್ಕದಲ್ಲಿ ಸೆಕೆಂಡಿಗೆ 24 ಮೆಗಾಬಿಟ್‌ವರೆಗೆ ಕೊಡಬಲ್ಲುದು. ದೂರ ಹೋದ ಹಾಗೆ ಇಳಿಯುತ್ತದೆ. ನಾಲ್ಕೈದು ಕಿಲೋಮೀಟರ್ ಆಚೆಗೆ ತೀರಾ ಸಣ್ಣಗಾಗುತ್ತದೆ. ಡ್ರಿಪ್ ಲ್ಯಾಟರಲ್ಲಿನ ಕೊನೆಯಲ್ಲಿ ಒತ್ತಡ ಇಳಿದ ಹಾಗೆ. ಅದನ್ನು ಹೆಚ್ಚಿಸುವ ರೂಟರ್ ಯಾವ ಅಂಗಡಿಯಲ್ಲೂ ಸಿಗದು.

ಕೊಳ್ಳುವಾಗ

ಈಗ, ಇಂದಿನ ದಿನ, ತಾಮ್ರದ ಲೈನ್ ಇರುವವರು ಮೊದಲು ಒಂದು ಮಾತು ಕೇಳಿಕೊಳ್ಳಿ: ಈ ತಂತಿ ಇನ್ನೆಷ್ಟು ದಿನ? ಬಹಳ ಕಡೆ ತಾಮ್ರ ತೆಗೆದು ಫೈಬರ್ ಹಾಕುತ್ತಿದ್ದಾರೆ. ನಿಮ್ಮ ಬೀದಿಗೆ ಫೈಬರ್ ಬರುವುದಿದ್ದರೆ ಡಿಎಸ್‌ಎಲ್ ಪೆಟ್ಟಿಗೆಗೆ ದುಡ್ಡು ಹಾಕಬೇಡಿ.

ಹಾಕುವುದೇ ಆದರೆ ತೂತುಗಳನ್ನು ನೋಡಿ ಕೊಳ್ಳಿ. ಡಿಎಸ್‌ಎಲ್ ರೂಟರಿಗೆ ಟೆಲಿಫೋನ್ ಪಿನ್ನು ಹೋಗುವ ಸಣ್ಣ ತೂತು ಇರಲೇಬೇಕು. ಅಂಗಡಿಯಲ್ಲಿ 'ವೈಫೈ ರೂಟರ್' ಅಂತ ಕೊಡುವ ಹೆಚ್ಚಿನವಕ್ಕೆ ಲ್ಯಾನ್ ತಂತಿಯ ದೊಡ್ಡ ತೂತು ಮಾತ್ರ ಇರುತ್ತದೆ. ಅದರಲ್ಲಿ ಮೊದಲನೇ ಆಳೇ ಇಲ್ಲ. ಟೆಲಿಫೋನ್ ತಂತಿಗೆ ಅದು ಒಂದೇ ಆಗಲಾರದು. ಎರಡೂ ಬಗೆಯ ತೂತಿದ್ದು, ಮುಂದೆ ಫೈಬರ್ ಬಂದರೂ ಬಳಸಬಹುದಾದ ಪೆಟ್ಟಿಗೆಗಳೂ ಇವೆ. ಐವತ್ತು ನೂರು ಹೆಚ್ಚಾದರೂ ಅದೇ ಲೇಸು.

ನಾನು 2014ರಲ್ಲಿ ಎಸ್.ಪಿ. ರಸ್ತೆಯಿಂದ ತಂದದ್ದಕ್ಕೆ ರೂ. 1,450 ಕೊಟ್ಟೆ. ಬಿಲ್ ಮತ್ತು ಗ್ಯಾರಂಟಿ ಕಾರ್ಡ್ ತಪ್ಪದೆ ತೆಗೆದುಕೊಳ್ಳಿ.

ಜೋಡಣೆ

ಹಳೆಯದನ್ನು ಬಿಚ್ಚುವ ಮೊದಲೇ ಕಂಪನಿಗೆ ಫೋನ್ ಮಾಡಿ ಬ್ರಾಡ್‌ಬ್ಯಾಂಡ್ ಯೂಸರ್ ನೇಮ್, ಪಾಸ್‌ವರ್ಡ್ ಕೇಳಿ ಬರೆದುಕೊಳ್ಳಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಕಂಪನಿಯ ಬಾಗಿಲಿನದು. ಹಳೇ ಪೆಟ್ಟಿಗೆಯ ಒಳಪುಟಗಳ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಡಿ.

ಹೊರಗಿನ ತಂತಿ ಸ್ಪ್ಲಿಟರಿನ 'ಲೈನ್' ತೂತಿಗೆ. 'ಫೋನ್' ತೂತಿನಿಂದ ಫೋನಿಗೆ. 'ಮೋಡೆಮ್' ತೂತಿನಿಂದ ಹೊಸ ರೂಟರಿಗೆ. ಮನೆಯಲ್ಲಿ ಎರಡನೇ ಫೋನಿದ್ದರೆ ಅದೂ ಸ್ಪ್ಲಿಟರಿನ 'ಫೋನ್' ಕಡೆಯಿಂದಲೇ ಹೋಗಬೇಕು. ಇಲ್ಲವಾದರೆ ಫೋನ್ ಬಂದಾಗಲೆಲ್ಲ ಇಂಟರ್ನೆಟ್ ಕಡಿಯುತ್ತದೆ.

ಕಂಪ್ಯೂಟರನ್ನು ಲ್ಯಾನ್ ತಂತಿಯಿಂದ ರೂಟರಿಗೆ ಸೇರಿಸಿ ಒಳಪುಟ ತೆರೆಯಿರಿ. ಕೊಡಬೇಕಾದ ವಿವರ ಇಷ್ಟು: ಸಂಪರ್ಕದ ಬಗೆ 'ಪಿಪಿಪಿಒಇ'. 'ವಿಪಿಐ' ಮತ್ತು 'ವಿಸಿಐ' ಎಂಬ ಎರಡು ಅಂಕಿ, ಬಿಎಸ್‌ಎನ್‌ಎಲ್ ಡಿಎಸ್‌ಎಲ್‌ಗೆ 0 ಮತ್ತು 35, ಏರ್‌ಟೆಲ್ ಡಿಎಸ್‌ಎಲ್‌ಗೆ 1 ಮತ್ತು 32. 'ಎನ್‌ಕ್ಯಾಪ್ಸುಲೇಶನ್' ಅಂತ ಕೇಳಿದಲ್ಲಿ 'ಎಲ್‌ಎಲ್‌ಸಿ'. 'ಎಂಟಿಯು' 1492. ಕೊನೆಗೆ ಬರೆದಿಟ್ಟುಕೊಂಡ ಹೆಸರು, ಗುಟ್ಟಿನ ಪದ. ಉಳಿಸಿ ಎಂದು ಒತ್ತಿ, ಎರಡು ನಿಮಿಷ ಬಿಡಿ. ಎರಡೂ ದೀಪ ನಿಂತು ಉರಿದರೆ ಆಯ್ತು.

ಆಗಲೇ ಎದ್ದು ಹೋಗಬೇಡಿ. ಇನ್ನೊಂದು ಕೆಲಸ ಇದೆ: ಒಳಪುಟಕ್ಕೆ ಹೋಗುವ 'ಅಡ್ಮಿನ್' ಪಾಸ್‌ವರ್ಡನ್ನು ಬದಲಿಸುವುದು. ಕಾರ್ಖಾನೆಯಿಂದ ಬಂದದ್ದು ಊರಿಗೆಲ್ಲ ಗೊತ್ತಿರುವ ಪದ. 2017ರ ಜುಲೈ ಕೊನೆಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ಆಗಿತ್ತು. ಸಿಕ್ಕಿಬಿದ್ದವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಪೆಟ್ಟಿಗೆಗಳು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆಯೇ ಗ್ರಾಹಕರಲ್ಲಿ ಕೇಳಿಕೊಂಡಿತು. ಪೆಟ್ಟಿಗೆ ನಮ್ಮದಾದ ಮೇಲೆ ಅದರ ಬೇಲಿಯೂ ನಮ್ಮದೇ ಜವಾಬ್ದಾರಿ. 'ರಿಮೋಟ್ ಮ್ಯಾನೇಜ್‌ಮೆಂಟ್' ಎಂಬುದನ್ನು ಮುಚ್ಚಿ. ವೈಫೈಗೆ 'ಡಬ್ಲ್ಯುಪಿಎ2' ಕಾವಲು ಹಾಕಿ.

ಬಾಡಿಗೆ ಮೋಡೆಮ್ಮನ್ನು ವಾಪಸ್ ಕೊಟ್ಟು ರಸೀದಿ ಪಡೆಯಿರಿ. ಬಾಡಿಗೆ ನಿಲ್ಲಿಸಲು ಬರೆದು ಕೊಡಿ. ಮುಂದಿನ ಬಿಲ್ಲಿನಲ್ಲಿ ಆ ಸಾಲು ಹೋಗಿದೆಯೇ ನೋಡಿ. ರಸೀದಿಯಿಲ್ಲದೆ ಬಾಡಿಗೆ ನಿಲ್ಲುವುದು ಕಷ್ಟ.

ಸಿಡಿಲಿನ ಕಾಟ

ತೋಟದ ಮನೆಗಳಲ್ಲಿ ಮೋಡೆಮ್ ಸಾಯುವುದು ವಯಸ್ಸಾಗಿ ಅಲ್ಲ, ಹೆಚ್ಚಾಗಿ ಸಿಡಿಲಿಗೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕಂಬದಿಂದ ಕಂಬಕ್ಕೆ ಓಡುವ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಮನೆಯೊಳಗೇ ತರುತ್ತದೆ. ಸ್ವಿಚ್ ಆರಿಸಿದರೆ ಸಾಲದು. ಮೋಡ ಕಟ್ಟಿತೆಂದರೆ ಅಡಾಪ್ಟರನ್ನೂ ಟೆಲಿಫೋನ್ ಪಿನ್ನನ್ನೂ ಎರಡನ್ನೂ ಕಿತ್ತಿಡಿ. ನಮ್ಮ ಮನೆಯಲ್ಲಿ ಈ ಕೆಲಸ ಅಮ್ಮನದು. ಒಣಗಲು ಹಾಕಿದ ರಾಗಿ ಒಳಗೆ ತರುವಾಗಲೇ ಪಿನ್ನೂ ಕೀಳುತ್ತಾರೆ. ಏಳು ವರ್ಷದಲ್ಲಿ ಒಂದು ಅಡಾಪ್ಟರ್ ಬಿಟ್ಟರೆ ಬೇರೇನೂ ಸುಡಲಿಲ್ಲ.

ಫೈಬರ್ ಬಂದ ಮೇಲೆ

2021ರಲ್ಲಿ ನಮ್ಮ ತಾಮ್ರ ಹೋಗಿ ಫೈಬರ್ ಬಂತು. ಕೂದಲೆಳೆಯಂಥ ಗಾಜಿನ ನೂಲಿನಲ್ಲಿ ಬೆಳಕು ಓಡುತ್ತದೆ. ಇಲ್ಲಿ ಮೊದಲ ಆಳಿನ ಹೆಸರು 'ಒಎನ್‌ಟಿ'. ಅವನು ಬೆಳಕನ್ನು ಓದುತ್ತಾನೆ. ಡಿಎಸ್‌ಎಲ್ ಮೋಡೆಮ್ ಇಲ್ಲಿ ನಡೆಯದು.

ಒಎನ್‌ಟಿಯನ್ನೂ ಸ್ವಂತ ಕೊಳ್ಳಬಹುದು. ಆದರೆ ಅದರ ಸೀರಿಯಲ್ ನಂಬರನ್ನು ಕಂಪನಿಯವರು ತಮ್ಮ ಯಂತ್ರದಲ್ಲಿ ನೋಂದಾಯಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಕೊಳ್ಳುವ ಮೊದಲೇ "ಈ ಮಾಡೆಲ್ ಸೇರಿಸಿಕೊಡ್ತೀರಾ?" ಎಂದು ಕೇಳಿ. ಲ್ಯಾಂಡ್‌ಲೈನ್ ಫೋನ್ ಕೂಡ ಒಎನ್‌ಟಿಯಿಂದಲೇ ಬರುವ ಕಡೆ ಅದನ್ನು ಬದಲಿಸಿದರೆ ಫೋನ್ ಮೂಕವಾದೀತು.

ಅದಕ್ಕೇ ನಾನು ನಡುವಿನ ದಾರಿ ಹಿಡಿದೆ. ಒಎನ್‌ಟಿ ಕಂಪನಿಯದೇ ಇರಲಿ, ಬರೀ ಮೊದಲ ಆಳಿನ ಕೆಲಸ ಮಾಡಲಿ. ಇದಕ್ಕೆ 'ಬ್ರಿಜ್ ಮೋಡ್' ಅನ್ನುತ್ತಾರೆ. ಕೇಳಿದರೆ ಮಾಡಿಕೊಡುತ್ತಾರೆ. ಅದರ ಲ್ಯಾನ್ ತೂತಿನಿಂದ ಒಂದು ತಂತಿ ನನ್ನ ಸ್ವಂತ ರೂಟರಿನ 'ವಾನ್' ತೂತಿಗೆ. ಹೆಸರು, ಗುಟ್ಟಿನ ಪದ, ವೈಫೈ, ಬೇಲಿ ಎಲ್ಲ ನನ್ನ ಪೆಟ್ಟಿಗೆಯಲ್ಲಿ. ನಾಳೆ ಕಂಪನಿ ಬದಲಿಸಿದರೂ ಮನೆಯ ಫೋನು, ಕೊಟ್ಟಿಗೆಯ ಕ್ಯಾಮೆರಾ ಯಾವುದನ್ನೂ ಮತ್ತೆ ಜೋಡಿಸಬೇಕಿಲ್ಲ.

ಫೈಬರಿನ ಬಗ್ಗೆ ಮೂರು ಎಚ್ಚರ. ನೂಲನ್ನು ಮೊಳೆಗೆ ಸುತ್ತಬೇಡಿ, ಚೂಪಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ. ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಕೇಡು. 'ಎಲ್‌ಒಎಸ್' ಎಂಬ ಕೆಂಪು ದೀಪ ಹತ್ತಿದರೆ ನಿಮ್ಮ ರೂಟರನ್ನು ಮುಟ್ಟಬೇಡಿ, ಹೊರಗೆ ನೂಲು ಕಡಿದಿದೆ. ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಡಿ. ಒಳಪುಟದಲ್ಲಿ ಬೆಳಕಿನ ಬಲ ತೋರಿಸುವ ಅಂಕಿ ಮೈನಸ್ 27ಕ್ಕಿಂತ ಕೆಳಗಿದ್ದರೂ ಅಷ್ಟೇ, ಅದು ಅವರ ಕಡೆಯ ಕೆಲಸ.

ಇನ್ನೊಂದು ವ್ಯತ್ಯಾಸ. ತಾಮ್ರದ ಕಾಲದಲ್ಲಿ ಎಕ್ಸ್‌ಚೇಂಜೇ ತಂತಿಯಲ್ಲಿ ಕರೆಂಟ್ ಕೊಡುತ್ತಿದ್ದರಿಂದ ಕತ್ತಲಲ್ಲೂ ಫೋನ್ ನಡೆಯುತ್ತಿತ್ತು. ಫೈಬರಿನಲ್ಲಿ ಹಾಗಿಲ್ಲ. ಕರೆಂಟ್ ಹೋದರೆ ಎಲ್ಲವೂ ಬಂದ್. ರೂಟರಿಗೆಂದೇ ಬರುವ ಸಣ್ಣ 12 ವೋಲ್ಟ್ ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ನಿಮ್ಮ ಎರಡೂ ಪೆಟ್ಟಿಗೆಯ ವೋಲ್ಟ್ ನೋಡಿಕೊಳ್ಳಿ.

ಹಳೇ ಪೆಟ್ಟಿಗೆ ಕೊಟ್ಟಿಗೆಗೆ

ಡಿಎಸ್‌ಎಲ್ ರೂಟರನ್ನು ಗುಜರಿಗೆ ಹಾಕಬೇಡಿ. ಮೊದಲ ಆಳಿಗೆ ಕೆಲಸವಿಲ್ಲ ನಿಜ, ವೈಫೈ ಆಳು ಗಟ್ಟಿಯಾಗಿದ್ದಾನಲ್ಲ! ಅದರ ಒಳಪುಟದಲ್ಲಿ ವಿಳಾಸವನ್ನು 192.168.1.2 ಮಾಡಿ. ಹೊಸ ರೂಟರಿನ ವಿಳಾಸ 192.168.0.1 ಎಂದಿದ್ದರೆ ಹಳೆಯದಕ್ಕೆ 192.168.0.2 ಕೊಡಿ, ಎರಡೂ ಒಂದೇ ಸಾಲಿನಲ್ಲಿರಬೇಕು. 'ಡಿಎಚ್‌ಸಿಪಿ' ಎಂಬುದನ್ನು ಮುಚ್ಚಿ. ಹೊಸ ರೂಟರಿನ ಲ್ಯಾನ್ ತೂತಿನಿಂದ ಇದರ ಲ್ಯಾನ್ ತೂತಿಗೆ ತಂತಿ ಎಳೆಯಿರಿ. ಲ್ಯಾನ್ ತಂತಿ 100 ಮೀಟರ್ ತನಕ ಓಡುತ್ತದೆ. ನನ್ನದು 60 ಮೀಟರ್ ದೂರದ ಕೊಟ್ಟಿಗೆಯಲ್ಲಿದೆ. ತಂತಿಯನ್ನು ಹಳೇ ಅರ್ಧ ಇಂಚು ಪೈಪಿನೊಳಗೆ ತೂರಿಸಿ ಮಣ್ಣಲ್ಲಿ ಹೂತಿದ್ದೇನೆ, ಇಲಿ ಕಾಟ ಇಲ್ಲ. ಗುಡುಗು ಬಂದಾಗ ಈ ತಂತಿಯನ್ನೂ ಕೀಳಬೇಕು. ಕರು ಹಾಕುವ ಹಸುವನ್ನು ಈಗ ರಾತ್ರಿ ಹಾಸಿಗೆಯಿಂದಲೇ ನೋಡಬಹುದು.

ಲೆಕ್ಕ

ಬಾಡಿಗೆ ತಿಂಗಳಿಗೆ ರೂ. 60 ಇತ್ತು. ಏಳು ವರ್ಷಕ್ಕೆ ರೂ. 5,040. ನನಗೆ ಬಿದ್ದದ್ದು ರೂಟರ್ 1,450, ಅಡಾಪ್ಟರ್ 250, ಒಟ್ಟು ರೂ. 1,700. ಉಳಿದದ್ದು ರೂ. 3,340. ದೊಡ್ಡ ಮೊತ್ತವೇನಲ್ಲ. ಉಳಿದ ದಿನಗಳದ್ದು ದೊಡ್ಡ ಲೆಕ್ಕ. ಅಡಾಪ್ಟರ್ ಸುಟ್ಟ ದಿನ ಮಧ್ಯಾಹ್ನ ಕಾಡುಗೋಡಿಗೆ ಹೋಗಿ ಹೊಸದು ತಂದೆ, ರಾತ್ರಿ ಒಂಬತ್ತರ ಪಟ್ಟಿ ಬಂತು, ಬೆಳಗ್ಗೆ ಗಾಡಿ ಹೊರಟಿತು. ಬಾಡಿಗೆ ಪೆಟ್ಟಿಗೆಯಾಗಿದ್ದರೆ ಮತ್ತೆ ಆರು ದಿನ.

ಎಲ್ಲರಿಗೂ ಇದು ಬೇಕೆಂದು ಹೇಳಲಾರೆ. ನಿಮ್ಮ ಕಂಪನಿಯವರು ಕರೆದ ದಿನವೇ ಬಂದು, ಬಾಡಿಗೆಯಿಲ್ಲದೆ ಪೆಟ್ಟಿಗೆ ಬದಲಿಸಿ ಕೊಡುವವರಾದರೆ ಹಾಗೇ ನಡೆಯಲಿ. ಆದರೂ ಯೂಸರ್ ನೇಮ್, ಪಾಸ್‌ವರ್ಡ್, ಅಡಾಪ್ಟರಿನ ವೋಲ್ಟ್, ದೂರಿನ ನಂಬರ್ ಇಷ್ಟನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಇವತ್ತೇ ಬರೆದಿಡಿ. ಮೊಬೈಲಿನಲ್ಲಿ ಮಾತ್ರ ಇಟ್ಟರೆ, ಬೇಕಾದ ದಿನ ಅದರ ಚಾರ್ಜೂ ಮುಗಿದಿರುತ್ತದೆ.